ಬೆಳ್ಳಿ ಬಣ್ಣದ ಇಯರ್‌ಫೋನ್

ಅಣ್ಣಾ,

ಹಾಡುವಾಗ ನಮ್ಮ ದನಿ ನಮಗೆ ಕೇಳಿಸಲು ಆರ್ಕೆಸ್ಟ್ರಾಕ್ಕೆ ಯಾವ ಹೊಸ ಇಯರ್‌ಫೋನ್ ಕೊಳ್ಳೋಣ, ಎರಡನ್ನೂ ವೇದಿಕೆ ಮೇಲೆ ಹಾಕಿಕೊಂಡು ನೋಡಿ ಹೇಳು ಎಂದು ನೀನೇ ಹೇಳಿದ್ದೆ. ನೋಡಿದೆ.

ಕಪ್ಪು ಬಣ್ಣದ್ದೂ ಅಗ್ಗವೇನಲ್ಲ, ಆದರೆ ಅದರಲ್ಲಿ ಡ್ರಮ್ಮಿನದೇ ಕಾರುಬಾರು. ನನ್ನ ಮೈಕನ್ನು ಬೆರಳಿನಿಂದ ತಟ್ಟಿದರೆ ಕೇಳಿಸಲೇ ಇಲ್ಲ. ಇಯರ್‌ಫೋನಿನ ದೋಷವೆಂದುಕೊಂಡೆ. ಬೆಳ್ಳಿ ಬಣ್ಣದ್ದಕ್ಕೆ ಅದರ ಎರಡರಷ್ಟು ಬೆಲೆ. ಗಿಟಾರಿನ ತಂತಿಯ ಮೇಲೆ ಬೆರಳು ಜಾರುವುದು, ಪಲ್ಲವಿ ಎತ್ತಿಕೊಳ್ಳುವ ಮುಂಚೆ ಅತ್ತಿಗೆ ಉಸಿರೆಳೆದುಕೊಳ್ಳುವುದು, ಎಲ್ಲವೂ ಬಿಡಿಬಿಡಿಯಾಗಿ ಕೇಳಿಸಿತು. ಮತ್ತೆ ನನ್ನ ಮೈಕ್ ತಟ್ಟಿದೆ. ಅದರಲ್ಲೂ ಇಲ್ಲ!

ಸೌಂಡಿನವನನ್ನು ಕೇಳಿದರೆ ತಲೆ ಕೆರೆದುಕೊಂಡ. "ನಿಮ್ಮ ಮೈಕು ಯಾವಾಗ್ಲೂ ಆಫೇ ಅಲ್ವಾ ಅಕ್ಕಾ? ಅಣ್ಣನೇ ಹೇಳಿದ್ದು. ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ."

ಕಿವಿ ಮುಚ್ಚಿಕೊಂಡು ಹಾಡಿದರೆ ನಮ್ಮ ದನಿ ತಲೆಯೊಳಗೇ ಮೊಳಗುತ್ತದೆ. ಇಷ್ಟು ವರ್ಷ ಅದನ್ನೇ ಇಯರ್‌ಫೋನಿನಲ್ಲಿ ಕೇಳುತ್ತಿದ್ದೇನೆಂದು ನಂಬಿದ್ದೆ. ಗಂಟಲು ಕಟ್ಟಿದ್ದರೂ ಬಿಸಿನೀರು ಕುಡಿದು ಕುಡಿದು ಹಾಡಿದ್ದೆನಲ್ಲ, ಅವತ್ತಾದರೂ ಒಂದು ಮಾತು ಹೇಳಬಾರದಿತ್ತೇ?

ಬೆಳ್ಳಿಯದನ್ನೇ ಕೊಳ್ಳು, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಬಂದ ಮೇಲೆ ಮೊದಲು ನೀನೇ ಅದನ್ನು ಹಾಕಿಕೊಂಡು, ನನ್ನ ಮೈಕ್ ಆನ್ ಮಾಡಿಸಿ, ಒಂದು ಹಾಡು ಪೂರ್ತಿ ಕೇಳು. ಆಮೇಲೂ ಬೇಡ ಅನ್ನಿಸಿದರೆ ಸೌಂಡಿನವನಿಗೆ ಹೇಳಬೇಡ, ನನಗೆ ಹೇಳು.

ಕೋರಸ್ಸಿನಲ್ಲಿ ಎಡಗಡೆ ನಿಂತು ಬಾಯಿ ಆಡಿಸುವ
ನಿನ್ನ ತಂಗಿ