ಪಡುವಲ ಗೋಡೆ

ಜೂನ್ 8, 1936, ಸೋಮವಾರ. ರಾವಂದೂರು.

ಅಂತೂ ಪಡುವಲ ಗೋಡೆ ವಿಷ್ಯ ಇವತ್ತು ತೀರ್ಮಾನ ಆಯ್ತು. ಆದ್ರೂ ನಿದ್ದೆ ಬರ್ತಿಲ್ಲ.

ಬೆಳಿಗ್ಗೆ ಗೋಡೆ ಕೆಲಸದ ಅಂಕಯ್ಯ ಬಂದು ಕೋಲಲ್ಲಿ ಚುಚ್ಚಿದ. ಕೋಲು ಸಲೀಸಾಗಿ ಒಳಕ್ಕೋಯ್ತು. "ಒಳಗಿನ ಬಿದಿರ ತಡಿಕೆನೆಲ್ಲ ಗೆದ್ಲು ತಿಂದದೆ ಕಣವ್ವ. ಮೇಲೆ ಮಣ್ಣು ಮೆತ್ತಿದ್ರೆ ಮಳೇಗೆ ನಿಲ್ಲಲ್ಲ. ಕೆಡವಿ ಇಟ್ಟಿಗೆ ಕಟ್ಸಿ" ಅಂದ. ಹುಣಸೂರಲ್ಲಿ ಇಟ್ಟಿಗೆ ಮನೆ ನೋಡ್ದಾಗಿಂದ ನಂಗೆ ಅದೇ ಹುಚ್ಚು. ಕುಣಿದಾಡ್ಬುಟ್ಟೆ.

ಅಜ್ಜಿ ಒಪ್ಲಿಲ್ಲ. "ಬಸುರಿ ಇರೋ ಮನೇಲಿ ಗೋಡೆ ಒಡೀತಾರೇನ್ಲಾ ಅಂಕ? ಮಣ್ಣು ಮೆತ್ತು, ಸಾಕು."

ಆ ಗೋಡೆ ಬುಡದಲ್ಲೇ ಅಕ್ಕ ಮಲಗೋದು. ಬಸುರಿ ಅವಳೇ, ದಿನ ತುಂಬ್ಯದೆ.

ಸಂಜೆ ಮೋಡ ಕಟ್ತು. ಅಕ್ಕ ಚಾಪೆ ಸುತ್ಕೊಂಡು ಎದ್ಲು. "ನಾನು ಪಕ್ಕದ ಚಿಕ್ಕಸಿದ್ದತ್ತೆ ಮನೇಲಿ ಮಲಗ್ತೀನಿ ಕಣಜ್ಜಿ. ಈಗ ಈ ಮನೇಲಿ ಬಸುರಿ ಇಲ್ಲ. ಬೆಳಿಗ್ಗೆ ಒಡೆಸ್ಬುಡು."

ಅಜ್ಜಿ ಎದ್ದೋಗಿ ಗೋಡೆ ಮೇಲೆ ಕೈಯಾಡಿಸಿದ್ಲು. ಆಮೇಲೆ "ಆಗ್ಲಿ ಬುಡು" ಅಂದ್ಲು. ಅಂದೋಳು ತನ್ನ ಚಾಪೆ ತಂದು ಅಕ್ಕನ ಜಾಗದಲ್ಲೇ ಹಾಸ್ಕೊಂಡ್ಲು!

"ಈಚೆ ಬಾ ಅಜ್ಜಿ, ಮೇಲೆ ಬಿದ್ದಾತು" ಅಂದೆ.

"ಮದುವೆಯಾಗಿ ಬಂದ ವರ್ಷ ಮಣ್ಣು ತುಳಿದು ಇದನ್ನ ಮೆತ್ತಿದೋಳು ನಾನು ಕಣ್ಮಗ. ಇದೊಂದು ರಾತ್ರಿ ಇಲ್ಲೇ ಇರ್ತೀನಿ."

ಮಳೆ ಶುರುವಾಯ್ತು. ಗೋಡೆಯಿಂದ ಮಣ್ಣು ಉದುರಿದ ಸದ್ದು ಈಗ ಮತ್ತೆ ಕೇಳಿಸ್ತು. ಕರೆದ್ರೂ ಅಜ್ಜಿ ಜಾಗ ಬಿಟ್ಟು ಅಲ್ಲಾಡ್ತಾ ಇಲ್ಲ. ಇಟ್ಟಿಗೆ ಮೇಲಿನ ಆಸೆಯೆಲ್ಲ ಎಲ್ಲೋಯ್ತೋ. ಇನ್ನು ಬರೆಯಕ್ಕಾಗಲ್ಲ. ಅವಳನ್ನ ಎಳ್ಕೊಂಡಾದ್ರೂ ಈಚೆಗೆ ತರ್ತೀನಿ, ಬರದೇ ಹೋದ್ರೆ ನಾನೂ ಅವಳ ಪಕ್ಕಕ್ಕೇ ಚಾಪೆ ಹಾಸ್ಕೊಂಡು —