ಮದರ್‌ಬೋರ್ಡಿನ ಹೆಸರು ನನಗ ಸಿಕ್ಕೈತಿ

ಕೈಸರ,

ಚಹಾ ಒಲಿ ಮ್ಯಾಲ ಐತಿ, ಬಿಸಿ ಮಾಡ್ಕೊ. ನಾ ರಾಣೆಬೆನ್ನೂರಿಗೆ ಹೊಂಟೇನಿ.

ನಿಮ್ಮ ಅಬ್ಬಾನ ಹಳೇ ಕಂಪ್ಯೂಟರ್ ಗುಜರಿಗೆ ಹೋಗೂದಿಲ್ಲ. ಗುಜರಿಯವನ್ನ ಕರದಾಂವ ನೀನು, ಬಂದ್ರ ನೀನ ವಾಪಸ್ ಕಳಸು. ಮಂದಿ ಅರ್ಜಿ ಟೈಪ್ ಮಾಡಿ ಕೊಡಾಕ ನನಗ ಅದ ಸಾಕು. ಬರೇ ಮೆಮರಿ ಕಡಿಮಿ ಬಿದ್ದು ನಿಂತು ನಿಂತು ನಡೀತೈತಿ.

ಮದರ್‌ಬೋರ್ಡಿನ ಹೆಸರು ಹೇಳಿದ್ರ ಹೊಂದೂ ಮೆಮರಿ ಕೊಡ್ತೇನಿ ಅಂತ ರಾಣೆಬೆನ್ನೂರಿನ ಕಂಪ್ಯೂಟರ್ ಅಂಗಡಿ ನಯಾಜ ಅಂದಿದ್ದ. ನಿನ್ನ ಕೇಳಿದ್ರ, "ಅಡ್ಮಿನ್ ಪಾಸ್‌ವರ್ಡ್ ಇಲ್ದ ಅದು ನಿನಗ ಸಿಗೂದಿಲ್ಲ, ಅಮ್ಮಿ" ಅಂತ ನಕ್ಕಿ. ಪಾಸ್‌ವರ್ಡ್ ಮಾತ್ರ ಕೊಡಲಿಲ್ಲ.

ನಿನ್ನೆ ನನ್ನ ಸಾದಾ ಖಾತೆಯಾಗ ಕುಂತು, ಹುಡುಕೂ ಜಾಗಾದಾಗ ಸಿಸ್ಟಮ್ ಇನ್ಫರ್ಮೇಶನ್ ಅಂತ ಬರದೆ. ಮದರ್‌ಬೋರ್ಡಿಗೆ ಅಲ್ಲಿ ಬೇಸ್‌ಬೋರ್ಡ್ ಅಂತಾರ, ಆ ಸಾಲುಗಳಾಗ ಕಂಪನಿ ಹೆಸರು, ಮಾಡೆಲ್ ನಂಬರ್ ಎರಡೂ ಕಂಡ್ವು. ಪಾಸ್‌ವರ್ಡ್ ಕೇಳಲೇ ಇಲ್ಲ. ಒಂದೊಂದ ಅಕ್ಷರ ನೋಡಿ ಬರಕೊಂಡೇನಿ.

ಸಂಜಿಗೆ ಕದರಮಂಡಲಗಿ ಹಾಲೇಶಪ್ಪನವರು ಪಿಂಚಣಿ ಅರ್ಜಿಗೆ ಬರ್ತಾರ. ನನಗ ತಡ ಆದ್ರ ಕುರ್ಚಿ ಹಾಕಿ ಕುಂದ್ರಸು. ಟೈಪ್ ಯಾರು ಮಾಡ್ತಾರ ಅಂತ ಕೇಳಿದ್ರ, ನಮ್ಮ ಅಮ್ಮಿ ಅಂತ ಬಾಯಿ ಬಿಟ್ಟು ಹೇಳು.