ಮಾತಾಡುವ ಮೀಟರು

ಅಪ್ಪಾ,

ಹೊಲಿಗೆ ಮಷೀನಿನ ಮೇಲೆ ಎರಡು ಶುಗರ್ ಮೀಟರ್ ಇಟ್ಟಿದ್ದೇನೆ. ದೊಡ್ಡದು ಅಂಕಿಯನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಚಿಕ್ಕದು ಬಾಯಿ ಬಿಡುವುದಿಲ್ಲ, ಸೀದಾ ನನ್ನ ಫೋನಿಗೆ ಕಳಿಸುತ್ತದೆ. "ಗಿರಾಕಿಗಳ ಮುಂದೆ ಮಾನ ಹೋಗುತ್ತೆ" ಅನ್ನುವುದಾದರೆ ಚಿಕ್ಕದನ್ನೇ ಇಟ್ಟುಕೊಳ್ಳಿ. ಇನ್ನೊಂದರ ಸೀಲ್ ಒಡೆಯಬೇಡಿ, ಔಷಧಿ ಅಂಗಡಿಗೆ ವಾಪಸ್ ಕೊಡಬೇಕು.

ಎರಡೂ ಬೇಡ ಅನ್ನುವ ಹಾಗಿಲ್ಲ. ಹಳೆಯದನ್ನು ನನ್ನ ಚೀಲಕ್ಕೆ ಹಾಕಿಕೊಂಡಿದ್ದೇನೆ. ಅದರಲ್ಲಿ ದಿನಾ ಬೆಳಿಗ್ಗೆ ಶುಗರ್ ನಾರ್ಮಲ್, ಇತ್ತ ನಿಮ್ಮ ಕಾಲಿನ ಗಾಯ ಮಾತ್ರ ಮಾಯುತ್ತಿಲ್ಲ. ಮೀಟರೇ ಕೆಟ್ಟಿದೆ ಅಂದುಕೊಂಡಿದ್ದೆ.

ನಿನ್ನೆ ಬಡಿಸುವಾಗ ಅಮ್ಮನ ಬೆರಳ ತುದಿ ನೋಡಿದೆ. ತುಂಬಾ ಚುಚ್ಚಿದ ಗುರುತು. ಕೇಳಿದ್ದಕ್ಕೆ "ಗುಂಡಿ ಹಾಕುವಾಗ ಸೂಜಿ ತಾಗ್ತು ಕಣೇ" ಅಂದಳು. ಕಣ್ಣಿಗೆ ಪೊರೆ ಬಂದಮೇಲೆ ಅವಳು ಸೂಜಿಯನ್ನೇ ಮುಟ್ಟಿಲ್ಲ. ಜೀವನವಿಡೀ ಸೂಜಿ ಹಿಡಿದವರು ನೀವು. ಒಂದು ಹನಿ ರಕ್ತಕ್ಕೆ ಕೈ ಹಿಡಿದವಳ ಕೈಯನ್ನೇ ಮುಂದೆ ಮಾಡಿದಿರಾ?

ಬೈಯಲು ಹೊತ್ತಿಲ್ಲ, ಬಸ್ಸು ತಪ್ಪುತ್ತದೆ. ತಿಂಡಿಗೆ ಮೊದಲು ಚುಚ್ಚಿಕೊಳ್ಳಿ. ಬೆರಳ ತುದಿ ಬಿಟ್ಟು ಪಕ್ಕಕ್ಕೆ ಚುಚ್ಚಿದರೆ ಅಷ್ಟು ನೋಯುವುದಿಲ್ಲ.

ಅಮ್ಮನಿಗೆ ಶುಗರ್ ಇಲ್ಲ ಅಂತ ಗೊತ್ತಾಯಿತು, ಸಂತೋಷ. ಈಗ ನಿಮ್ಮದು ಹೇಳಿ.